ಜೋಡಿಯಿಲ್ಲದೆ ನೀರಿಗಿಳಿಯಬಾರದು

ನಮ್ಮ ಶಾಲೆಯ ಈಜು ತಂಡಕ್ಕೆ ಸ್ವಂತ ಕೊಳವಿರಲಿಲ್ಲ. ಶಾಲೆಯ ಹಿಂದಿನ ಗುಡ್ಡ ಇಳಿದರೆ ಒಬ್ಬ ಧಣಿಗಳ ಹಳೆಯ ಕೆರೆಯಿತ್ತು. ನಾಲ್ಕೂ ಬದಿಗೆ ಕೆಂಪು ಮುರಕಲ್ಲು ಕಟ್ಟಿದ್ದ ಕೆರೆ, ಒಂದು ಬದಿಯಲ್ಲಿ ಮೆಟ್ಟಿಲು. ತೋಟಕ್ಕೆ ನೀರು ಬಿಡದ ಹೊತ್ತಿನಲ್ಲಿ ಹುಡುಗರು ಅಲ್ಲಿ ಈಜಬಹುದೆಂದು ಧಣಿಗಳು ಒಪ್ಪಿದ್ದರು. ಒಪ್ಪುವಾಗ ನಮ್ಮ ಡ್ರಿಲ್ ಮಾಸ್ಟರಿಗೆ ಅವರು ಹೇಳಿದ್ದು ಒಂದೇ ಮಾತು: "ನನ್ನ ಕೆರೆಯಲ್ಲಿ ಹೆಣ ತೇಲ್ಬಾರ್ದು ಮಾಸ್ಟ್ರೇ. ಅದೊಂದು ನೋಡಿಕೊಂಡ್ರೆ ಸಾಕು."

ಮಾಸ್ಟರು ಸೈನ್ಯದಲ್ಲಿದ್ದು ಬಂದವರು. ಬಾಯಿಮಾತಿನಲ್ಲಿ ಹೇಳಿದ ನಿಯಮ ನಿಯಮವೇ ಅಲ್ಲ ಎನ್ನುತ್ತಿದ್ದರು. ಒಂದು ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ತಾವೇ ಬರೆದು ಅದನ್ನು ಮೆಟ್ಟಿಲಿನ ಪಕ್ಕದ ಗೋಳಿಮರಕ್ಕೆ ಮೊಳೆಯಿಂದ ಹೊಡೆದಿದ್ದರು. ಊಟವಾದ ಕೂಡಲೆ ನೀರಿಗೆ ಇಳಿಯಬಾರದು. ಕಿವಿ ಸೋರುವವರು, ಜ್ವರ ಬಿಟ್ಟು ವಾರವಾಗದವರು ಇಳಿಯಬಾರದು. ಆಳ ಗೊತ್ತಿಲ್ಲದ ಕಡೆ ತಲೆ ಮುಂದೆ ಮಾಡಿ ಹಾರಬಾರದು. ಸೀಟಿ ಕೇಳಿದ ಕೂಡಲೆ ಎಲ್ಲಿದ್ದರೂ ಜೋಡಿಯ ಕೈ ಹಿಡಿದು ಮೇಲೆತ್ತಬೇಕು. ಇವೆಲ್ಲದರ ಮೇಲೆ ದೊಡ್ಡ ಅಕ್ಷರದಲ್ಲಿ, ಜೋಡಿಯಿಲ್ಲದೆ ನೀರಿಗಿಳಿಯಬಾರದು.

ನಾನು ತಂಡದಲ್ಲಿ ಎಲ್ಲರಿಗಿಂತ ನಿಧಾನ ಈಜುವವನು. ಆದರೂ ನನ್ನನ್ನು ಇಟ್ಟುಕೊಂಡದ್ದಕ್ಕೆ ಕಾರಣ ನನ್ನ ಬರೆಯುವ ಚಟ. ಐದನೇ ತರಗತಿಯಿಂದ ನಾನು ಡೈರಿ ಇಡುತ್ತಿದ್ದೆ. ಮಳೆ ಯಾವ ದಿನ ಶುರುವಾಯಿತು, ನಮ್ಮ ಮನೆಯಿದ್ದ ಬಿಜೈಯಿಂದ ಶಾಲೆಗೆ ಹೋಗುವ ಬಸ್ಸು ತಿಂಗಳಲ್ಲಿ ಎಷ್ಟು ಸಲ ತಪ್ಪಿತು, ಮನೆಯ ಕೋಳಿ ಎಷ್ಟು ಮೊಟ್ಟೆಯಿಟ್ಟಿತು, ಎಲ್ಲ ಅದರಲ್ಲಿ ಉಂಟು. ಇದು ಮಾಸ್ಟರಿಗೆ ಹೇಗೋ ಗೊತ್ತಾಗಿ ಸ್ಟಾಪ್‌ವಾಚನ್ನು ನನ್ನ ಕೈಗೆ ಕೊಟ್ಟರು. ಯಾರು ಎಷ್ಟು ಹೊತ್ತಿನಲ್ಲಿ ಕೆರೆಯ ಆಚೆ ಮುಟ್ಟಿ ಬಂದರು ಎಂದು ಬರೆದಿಡುವುದು ನನ್ನ ಕೆಲಸ. ಆಮೇಲೆ ನಾನೂ ಈಜಬೇಕಲ್ಲ, ಅದಕ್ಕೊಂದು ಜೋಡಿ ಬೇಕು. ಮಾಸ್ಟರು ಯಾವಾಗಲೂ ಬಲವಾದವನನ್ನು ಬಲವಿಲ್ಲದವನ ಜೊತೆ ಕಟ್ಟುತ್ತಿದ್ದರು. ಹಾಗೆ ತಂಡದ ಅತ್ಯಂತ ವೇಗದ ಈಜುಗಾರ ನನ್ನ ಜೋಡಿಯಾದ. "ನೀನು ಮುಳುಗಿದ್ರೆ ಅವ ಎತ್ತುತ್ತಾನೆ" ಎಂದರು ಮಾಸ್ಟರು ನನಗೆ. "ಅವ ಮುಳುಗಿದ್ರೆ ನೀನು ಬೊಬ್ಬೆ ಹಾಕು. ಅಷ್ಟು ಸಾಕು."

ನನ್ನ ಜೋಡಿಯ ಮನೆ ಜೆಪ್ಪುವಿನಲ್ಲಿ, ನದಿಯ ಹತ್ತಿರ. ಮನೆಮಾತು ಕೊಂಕಣಿ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಅಮ್ಮ, ಒಬ್ಬಳು ಅಕ್ಕ. ಉದ್ದ ಕೈಯ, ತೆಳ್ಳಗಿನ ಹುಡುಗ. ನೀರಿನಲ್ಲಿ ಅವನ ಕೈ ಸದ್ದು ಮಾಡುತ್ತಿರಲಿಲ್ಲ. ಓದಿನಲ್ಲಿ ಹಿಂದೆ, ಲೆಕ್ಕದಲ್ಲಿ ಇನ್ನೂ ಹಿಂದೆ. ನನ್ನ ನೋಟ್ಸು ನೋಡಿ ಬರೆಯುತ್ತಿದ್ದ. "ನನಗೆ ತಲೆಯಲ್ಲಿ ಎಂತ ಇಲ್ಲ ಮಾರಾಯ, ಎಲ್ಲ ಕೈಕಾಲಲ್ಲೇ ಉಂಟು" ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ನಾವಿಬ್ಬರು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಡೈರಿಯನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದ ಕಾರಣ ಅವನ ಮಾತುಗಳೂ ಕನ್ನಡದಲ್ಲೇ ಉಳಿದಿವೆ.

ಓದುವವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವನಿಗೆ ಫಿಟ್ಸ್ ಬರುತ್ತಿತ್ತು. ಅದು ಅವನಿಗೇ ಗೊತ್ತಿರಲಿಲ್ಲ.

ಮೊದಲ ಸಲ ಬಂದದ್ದು ೧೯೫೮ರ ಮಳೆಗಾಲದಲ್ಲಿ, ಬೆಳಗ್ಗೆ, ಹಾಸಿಗೆಯಲ್ಲೇ. ಎದ್ದಾಗ ನಾಲಿಗೆ ಕಚ್ಚಿಕೊಂಡದ್ದು ಬಿಟ್ಟರೆ ಅವನಿಗೆ ಏನೂ ನೆನಪಿರಲಿಲ್ಲ. ಮನೆಯವರು ಪಿತ್ತ ತಲೆಗೆ ಏರಿದ್ದು ಎಂದರು. ಅವನು ನಂಬಿದ. ನನಗೂ ಹಾಗೆಯೇ ಹೇಳಿದ: "ಪಿತ್ತ ಮಾರಾಯ. ಅಮ್ಮ ದಿನಾ ಕಷಾಯ ಕುಡಿಸ್ತಾರೆ, ಬಾಯಿಡ್ಲಿಕ್ಕೆ ಆಗುದಿಲ್ಲ." ಎರಡನೇ ಸಲ ಬಂದ ಮೇಲೆ ಅಪ್ಪ ಡಾಕ್ಟರ ಹತ್ತಿರ ಕೇಳಿದರು. ಡಾಕ್ಟರು ರೋಗದ ಹೆಸರು ಹೇಳಿದರು, ಮಾತ್ರೆ ಕೊಟ್ಟರು, ಬೆಂಕಿ ಮತ್ತು ನೀರಿನಿಂದ ದೂರವಿಡಿ ಎಂದರು.

ಅದೇ ತಿಂಗಳು ಅವನ ಅಕ್ಕನಿಗೆ ಸಂಬಂಧ ಕೂಡಿ ಬಂದಿತ್ತು. ಹುಡುಗ ಬೊಂಬಾಯಿಯಲ್ಲಿ ಕೆಲಸದಲ್ಲಿದ್ದ. ಮನೆ ಹೊಳೆಯಾಚೆ, ತೊಕ್ಕೊಟ್ಟಿನ ಕಡೆ. ಮಾತುಕತೆಗೆಲ್ಲ ಹುಡುಗನ ಮಾವನೇ ಬರುತ್ತಿದ್ದದ್ದು, ದೋಣಿಯಲ್ಲಿ ದಾಟಿ. ಮದುವೆ ಕ್ರಿಸ್ಮಸ್ ಕಳೆದು ಜನವರಿಯಲ್ಲಿ ಎಂದು ನಿಶ್ಚಯವಾಯಿತು. ತಮ್ಮನಿಗೆ ಫಿಟ್ಸ್ ಉಂಟೆಂದು ತಿಳಿದರೆ ಅಕ್ಕನನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಇದು ಅವರ ಮನೆಯ ಮಾತು ಮಾತ್ರವಲ್ಲ. ನಮ್ಮ ಮನೆಯಲ್ಲಾದರೂ ಹಾಗೆಯೇ ಮಾಡುತ್ತಿದ್ದರು. ರಕ್ತದಲ್ಲಿ ಬರುವ ರೋಗ ಎಂದು ಊರೆಲ್ಲ ತಿಳಿದಿದ್ದ ಕಾಲ.

ಅವನ ಅಮ್ಮ ಒಂದು ದಿನ ಶಾಲೆಗೆ ಬಂದು ಮಾಸ್ಟರನ್ನು ಜಗಲಿಯ ಕೊನೆಗೆ ಕರೆದುಕೊಂಡು ಹೋದರು. ಅಲ್ಲಿ ಏನು ಮಾತಾಯಿತು ಎಂಬುದನ್ನು ಮಾಸ್ಟರು ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.

"ಅವನನ್ನು ನೀರಿಗೆ ಇಳಿಸ್ಬೇಡಿ ಮಾಸ್ಟ್ರೇ."

"ಎಂತಕ್ಕೆ ಅಂತ ಅವನಿಗೆ ಹೇಳುದು ಹೇಗೆ ಬಾಯಮ್ಮ?"

"ಹೇಳುದೇ ಬೇಡ. ಅವನಿಗೆ ಗೊತ್ತಾದ್ರೆ ಸಂಜೆಯೊಳಗೆ ಇಡೀ ಜೆಪ್ಪುವಿಗೆ ಗೊತ್ತಾಗ್ತದೆ. ಬಾಯಲ್ಲಿ ಒಂದು ಮಾತು ನಿಲ್ಲುದಿಲ್ಲ ಅವನಿಗೆ. ಜನವರಿಯಲ್ಲಿ ಮದುವೆ ಕಳೀಲಿ, ನಾವೇ ಹೇಳ್ತೇವೆ. ಮೇರಿ ಮಾತೆಯ ಆಣೆ, ನಿಮ್ಮ ಬಾಯಿಂದ ಹೊರಗೆ ಹೋಗ್ಬಾರ್ದು."

ಮಾಸ್ಟರು ಮಾತು ಕೊಟ್ಟರು. ಆದರೆ ಅವನನ್ನು ಒಮ್ಮೆಗೇ ತೆಗೆಯಲು ಅವರಿಗೆ ಮನಸ್ಸು ಬರಲಿಲ್ಲ. ಅವನು ಶಾಲೆಗೆ ಬರುತ್ತಿದ್ದದ್ದೇ ಸಂಜೆಯ ಕೆರೆಗಾಗಿ ಎಂದು ಅವರಿಗೆ ಗೊತ್ತಿತ್ತು. ಮೂರ್ನಾಲ್ಕು ದಿನ ಯೋಚಿಸಿ ಅವರೊಂದು ಹೊಸ ನಿಯಮ ಮಾಡಿದರು. ಇನ್ನು ಮುಂದೆ ಅಭ್ಯಾಸದ ಹೊತ್ತಿನಲ್ಲಿ ತಂಡದ ಪ್ರತಿಯೊಬ್ಬನೂ ಒಣ ತೆಂಗಿನಕಾಯಿ ಜೋಡಿ ಕಟ್ಟಿಕೊಂಡೇ ಈಜಬೇಕು.

ನಮ್ಮ ಕಡೆ ಈಜು ಕಲಿಯುವ ಮಕ್ಕಳಿಗೆ ಸಿಪ್ಪೆ ಸುಲಿಯದ ಎರಡು ಒಣ ಕಾಯಿಗಳನ್ನು ಹಗ್ಗದಲ್ಲಿ ಜೋಡಿಸಿ, ಹಗ್ಗ ಎದೆಯಡಿಗೆ ಬರುವ ಹಾಗೆ ಕಟ್ಟಿ ಬಾವಿಗೋ ಕೆರೆಗೋ ಇಳಿಸುತ್ತಾರೆ. ಕಾಯಿ ತೇಲುತ್ತದೆ, ಮಗುವೂ ತೇಲುತ್ತದೆ. ಕಲಿತ ಮೇಲೆ ಅದನ್ನು ಬಿಚ್ಚಿ ಅಡುಗೆಮನೆಗೆ ಕೊಡುತ್ತಾರೆ. ಒಬ್ಬನಿಗೆ ಮಾತ್ರ ಕಟ್ಟಿದರೆ ಅವನಿಗೆ ಅವಮಾನ, ಕಾರಣವೂ ಹೇಳಬೇಕಾಗುತ್ತದೆ. ಎಲ್ಲರಿಗೂ ಕಟ್ಟಿದರೆ ಅವನು ನೀರಿನಲ್ಲಿ ಎಚ್ಚರ ತಪ್ಪಿದರೂ ಮುಖ ಮೇಲಿರುತ್ತದೆ, ಯಾರಿಗೂ ಸಂಶಯ ಬರುವುದಿಲ್ಲ. ಇದು ಮಾಸ್ಟರ ಲೆಕ್ಕ. ನಮಗೆ ಅವರು ಹೇಳಿದ್ದು, ಭಾರ ಎಳೆದುಕೊಂಡು ಈಜಿದರೆ ಕೈಗೆ ಬಲ ಬರುತ್ತದೆ ಎಂದು.

ಮನೆಯಲ್ಲಿ ಕೇಳಿದಾಗ ನನ್ನ ಅಜ್ಜಿ ಕಾಯಿಗಳನ್ನು ಕೈಯಲ್ಲಿ ಹಿಡಿದು ಕುಲುಕಿ ನೋಡಿ ಕೊಟ್ಟರು. "ಎರಡು ಕೊಡ್ತೇನೆ, ಎರಡೂ ವಾಪಸು ಬರ್ಬೇಕು. ಪದಾರ್ಥಕ್ಕೆ ಅರೀಲಿಕ್ಕೆ ಬೇಕು. ಹೈಸ್ಕೂಲಿಗೆ ಹೋಗುವ ಗಂಡಸಿಗೆ ಕಾಯಿ ಕಟ್ಟುದಾ? ನಿಮ್ಮ ಮಾಸ್ಟ್ರಿಗೆ ಈಜ್ಲಿಕ್ಕೆ ಬರ್ತದಾ ಇಲ್ವಾ?"

ಕೆರೆಯ ಮೇಲಿನ ದಾರಿಯಲ್ಲಿ ಬೇರೆ ಶಾಲೆಯ ಹುಡುಗರು ಮನೆಗೆ ಹೋಗುತ್ತಿದ್ದರು. ಎರಡನೆಯ ದಿನವೇ ಅವರು ಕಟ್ಟೆಯ ಮೇಲೆ ಸಾಲಾಗಿ ಕೂತರು.

"ಓ ಕಾಯಿ ಟೀಮ್, ಇವತ್ತು ನೂರಕ್ಕೆ ಎಷ್ಟು ರೇಟು?"

"ಎಣ್ಣೆ ಮಿಲ್ಲು ಆಚೆ ಬದಿ ಮಾರಾಯ್ರೇ, ನೀವು ದಾರಿ ತಪ್ಪಿದ್ದು."

ನನ್ನ ಜೋಡಿ ಕಾಯಿಗಳ ನಡುವೆ ತಲೆಯೆತ್ತಿ ಉತ್ತರ ಕೊಟ್ಟ: "ನಿಮ್ಮ ತಲೆಗೆ ಇದರ ಅರ್ಧ ರೇಟು. ಇದರೊಳಗೆ ನೀರಾದ್ರೂ ಉಂಟು."

ಅವನು ಹೀಗೆ ನಗಾಡಿದ. ಬೇರೆಯವರಿಗೆ ಅದಾಗಲಿಲ್ಲ. ತಂಡದಲ್ಲಿ ಒಬ್ಬ ವಕೀಲರ ಮಗನಿದ್ದ. ಒಳ್ಳೆಯ ಈಜುಗಾರ, ನನ್ನ ಜೋಡಿಯ ನಂತರದ ಸ್ಥಾನ ಯಾವಾಗಲೂ ಅವನದು. ಮಾತು ಮಾತ್ರ ಕುಟುಕುವಂಥದ್ದು. ಒಂದು ಸಂಜೆ ಅವನು ಕಾಯಿಗಳನ್ನು ಮೆಟ್ಟಿಲ ಮೇಲೆ ಎಸೆದ. "ನಾವೆಂತ ತೊಟ್ಟಿಲ ಮಕ್ಕಳಾ ಸರ್? ನಾಳೆಯಿಂದ ಬಾಟ್ಲಿಯಲ್ಲಿ ಹಾಲೂ ಕೊಡ್ತೀರಾ?" ಮಾಸ್ಟರು ಕಾಯಿಗಳನ್ನು ಹೆಕ್ಕಿ ಬದಿಗಿಟ್ಟರು. ಅವರು ಹುಡುಗರ ಅಂಥ ಮಾತಿಗೆ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ವಕೀಲರು ಹೆಡ್ ಮಾಸ್ಟರಿಗೆ ಹೇಳಿದರು. ಶಾಲೆಗಳ ನಡುವಿನ ಸ್ಪರ್ಧೆಯಲ್ಲಿ ಕಾಯಿ ಕಟ್ಟಲಿಕ್ಕಿಲ್ಲ, ಅಭ್ಯಾಸದಲ್ಲಿ ಮಾತ್ರ ಏಕೆ, ಶಾಲೆಯ ಮಾನ ಹೋಗುತ್ತಿದೆ ಎಂದು. ಹೆಡ್ ಮಾಸ್ಟರು ಮಾಸ್ಟರನ್ನು ಕರೆಸಿ ಕೇಳಿದರು. ಇದ್ದ ಕಾರಣವನ್ನು ಮಾಸ್ಟರು ಹೇಳುವ ಹಾಗಿರಲಿಲ್ಲ. ಕಾಯಿಗಳು ಮನೆಗೆ ಹೋದವು. ನಮ್ಮ ಎರಡೂ ವಾಪಸು ಬಂದದ್ದನ್ನು ಅಜ್ಜಿ ನೋಡಿ ಒಳಗಿಟ್ಟರು.

ಅದೇ ವಾರ ಅವನಿಗೆ ಮೂರನೇ ಸಲ ಬಂತು. ಶಾಲೆಗೆ ಹೊರಡುವ ಮೊದಲು, ಹೊಸಿಲ ಹತ್ತಿರ. ಅಮ್ಮ ಮತ್ತೊಮ್ಮೆ ಮಾಸ್ಟರ ಹತ್ತಿರ ಬಂದರು. ಈ ಸಲ ಅವರು ಅತ್ತರಂತೆ.

ಅಕ್ಟೋಬರಿನ ಒಂದು ಸಂಜೆ ಸ್ಪರ್ಧೆಗೆ ಹೋಗುವ ಮೂವರ ತಂಡದ ಆಯ್ಕೆ. ಎಂದಿನಂತೆ ವಾಚು ನನ್ನ ಕೈಯಲ್ಲಿತ್ತು. ನನ್ನ ಜೋಡಿಯ ಸರದಿ ಬಂದಾಗ ಮಾಸ್ಟರು ಕೈ ನೀಡಿ, "ಕೊಡು, ಇವನದ್ದು ನಾನು ನೋಡ್ತೇನೆ" ಎಂದರು. ಅವನು ಆಚೆ ಮುಟ್ಟಿ ತಿರುಗಿ ಬಂದ. ಎಂದಿನ ಹಾಗೆಯೇ ಬಂದ. ಮಾಸ್ಟರು ವಾಚು ನೋಡಿ ಒಂದು ಸಮಯ ಹೇಳಿದರು. ವಕೀಲರ ಮಗನದ್ದಕ್ಕಿಂತ, ಇನ್ನಿಬ್ಬರದ್ದಕ್ಕಿಂತ ಹಿಂದೆ. ನನಗೆ ಮನಸ್ಸಿನಲ್ಲೇ ಎಣಿಸುವ ಅಭ್ಯಾಸ ಇತ್ತು, ವಾಚಿರಲಿ ಇಲ್ಲದಿರಲಿ. ಅವರು ಹೇಳಿದ್ದು ಸರಿಯಲ್ಲ ಎಂದು ನನಗೆ ಆಗಲೇ ಅನಿಸಿತು.

ಅವನು ಮೆಟ್ಟಿಲ ಮೇಲೆ ಕೂತು ಬೈರಾಸಿನಲ್ಲಿ ಮುಖ ಒರೆಸುತ್ತಲೇ ಇದ್ದ. ಎಲ್ಲರೂ ಬಟ್ಟೆ ಹಾಕಿಕೊಂಡ ಮೇಲೆ ಮಾಸ್ಟರ ಹತ್ತಿರ ಹೋದ.

"ಸರ್, ನಾನು ಟೀಮಲ್ಲಿ ಇಲ್ವಾ?"

"ಈ ಸಲ ಇಲ್ಲ."

"ಎಂತ ತಪ್ಪಾಯ್ತು ಸರ್?"

"ತಪ್ಪಲ್ಲ. ಕಾಲು ನಿಧಾನ ಆಗಿದೆ."

"ಎಂತ ಮಾಡಿದ್ರೆ ಸರಿಯಾಗ್ತದೆ?"

ಮಾಸ್ಟರು ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡರು. "ಜನವರಿಯಲ್ಲಿ ಇನ್ನೊಂದು ಸಲ ನೋಡುವ. ಅಷ್ಟರವರೆಗೆ ಕೆರೆ ಬೇಡ. ವಿಶ್ರಾಂತಿ ತಕೊ."

ಜನವರಿ ಎಂದರೆ ಅವರ ಮನಸ್ಸಿನಲ್ಲಿ ಇದ್ದದ್ದು ಮದುವೆ. ಅದು ಕಳೆದ ಮರುದಿನವೇ ಅವನನ್ನು ಕೂರಿಸಿ ಇದ್ದದ್ದು ಇದ್ದ ಹಾಗೆ ಹೇಳಬೇಕೆಂದು ಅವರು ನಿಶ್ಚಯಿಸಿದ್ದರು. ಅವನ ಕಿವಿಗೆ ಬಿದ್ದದ್ದು ಬೇರೆ. ಜನವರಿಯೊಳಗೆ ವೇಗ ಮಾಡಿಕೊಂಡು ಬಂದರೆ ತಂಡದಲ್ಲಿ ಜಾಗ ಉಂಟು.

ಆ ದಿನ ನಾವಿಬ್ಬರೂ ಗುಡ್ಡ ಹತ್ತಿ ನಡೆದೆವು. ನಾನು ಹೇಳಿದೆ, "ನಿನ್ನ ಟೈಮ್ ಸರಿಯಾಗಿಯೇ ಇತ್ತು. ಮಾಸ್ಟ್ರು ತಪ್ಪು ನೋಡಿದ್ದು. ನಾನು ಎಣಿಸಿದ್ದೇನೆ."

"ನೀನು ಸಮಾಧಾನಕ್ಕೆ ಹೇಳ್ಬೇಡ."

"ಸಮಾಧಾನಕ್ಕಲ್ಲ. ನಾಳೆ ಅವರ ಹತ್ರವೇ ಕೇಳ್ತೇನೆ."

"ಕೇಳ್ಬೇಡ ಮಾರಾಯ. ಮಾಸ್ಟ್ರು ಸುಳ್ಳು ಹೇಳ್ತಾರಾ? ನನ್ನ ಕಾಲು ನಿಧಾನ ಆದದ್ದು ಹೌದಿರ್ಬೇಕು. ಆ ಪಿತ್ತ ಶುರುವಾದ ಮೇಲೆ ಬೆಳಗ್ಗೆ ಮೈಯೆಲ್ಲ ನೋವು."

ಆದರೂ ನಾನು ಮರುದಿನ ಕೇಳಿದೆ. ಮಾಸ್ಟರು ನನ್ನ ಮುಖ ನೋಡದೆ, "ವಾಚು ನನ್ನ ಕೈಯಲ್ಲಿತ್ತು, ನಿನ್ನ ಕೈಯಲ್ಲಿ ಅಲ್ಲ" ಎಂದರು. ಆಮೇಲೆ ಹೊಸ ಜೋಡಿಗಳನ್ನು ಓದಿದರು. ನನಗೆ ವಕೀಲರ ಮಗ ಬಂದ. "ಇನ್ನು ನಿನ್ನನ್ನು ನಾನು ಹೊರಬೇಕಾ?" ಎಂದ ಅವನು. "ಬೆಳಗ್ಗೆ ಕಡಿಮೆ ತಿಂದು ಬಾ."

ನವೆಂಬರಿನ ನನ್ನ ಡೈರಿಯಲ್ಲಿ ನನ್ನ ಹಳೆಯ ಜೋಡಿಯ ಬಗ್ಗೆ ಹೆಚ್ಚಿಲ್ಲ. ಮೊದಲ ಎರಡು ವಾರ ಅವನು ಶಾಲೆ ಬಿಟ್ಟ ಕೂಡಲೆ ಮನೆಗೆ ಹೋಗುತ್ತಿದ್ದ. ಮೂರನೆಯ ವಾರ ನಾನು ಬರೆದದ್ದು ಇಷ್ಟು: "ಇವತ್ತು ಅವನು ಮತ್ತೆ ನಗುತ್ತಿದ್ದ. ಕೇಳಿದ್ದಕ್ಕೆ, ಜನವರಿಗೆ ನೋಡು ಎಂದ." ಕ್ರಿಸ್ಮಸಿಗೆ ಮನೆಯಲ್ಲಿ ಮಾಡುವ ತಿಂಡಿಗಳ ಹೆಸರನ್ನೆಲ್ಲ ಹೇಳಿ, ಯಾವುದನ್ನು ಎಷ್ಟು ತರಬೇಕೆಂದು ನನ್ನ ಹತ್ತಿರ ಕೇಳಿದ. ಅಕ್ಕನ ಮದುವೆಗೆ ನಾನು ಹೊಸ ಶರ್ಟು ಹಾಕಿಕೊಂಡೇ ಬರಬೇಕು, ಗಂಡಿನ ಕಡೆಯವರಿಗೆ ತನ್ನ ಸ್ನೇಹಿತರು ಸಣ್ಣವರಾಗಿ ಕಾಣಬಾರದು ಎಂದ.

ಡಿಸೆಂಬರಿನ ಮೊದಲ ಭಾನುವಾರ ಅವನು ಸತ್ತ.

ಬೆಳಗ್ಗೆ ಮನೆಯವರ ಜೊತೆ ಇಗರ್ಜಿಗೆ ಹೋಗಿ, ಪೂಜೆ ಮುಗಿದ ಮೇಲೆ ಸ್ನೇಹಿತರ ಮನೆಗೆಂದು ಹೇಳಿ, ಕಾರ್ಖಾನೆಯ ಹಿಂದಿನ ನದಿಯ ದಡಕ್ಕೆ ಹೋಗಿದ್ದಾನೆ. ಆವೆಮಣ್ಣಿನ ದೋಣಿಗಳು ನಿಲ್ಲುವ ಜಾಗ ಅದು. ಒಡೆದ ಹಂಚು ತುಂಬಿಸಿ ದಡ ಗಟ್ಟಿ ಮಾಡಿದ್ದರು. ಭಾನುವಾರ ಕಾರ್ಖಾನೆಗೆ ರಜೆ, ಅಲ್ಲಿ ಜನ ಇರುವುದಿಲ್ಲ. ಹಿಂದಿನ ಭಾನುವಾರಗಳಲ್ಲೂ ಅವನು ಅಲ್ಲಿಗೇ ಹೋಗುತ್ತಿದ್ದನೆಂದು ಆಮೇಲೆ ತಿಳಿಯಿತು. ದೂರದಲ್ಲಿ ಹೋಗುತ್ತಿದ್ದ ಒಬ್ಬರು ದೋಣಿಯವರು ಮೊದಲು ಬಟ್ಟೆ ಕಂಡರು. ಇಗರ್ಜಿಗೆ ಹಾಕಿದ ಶರ್ಟನ್ನು ಮಡಚಿ ಮೇಲೆ ಹಂಚಿನ ತುಂಡು ಹೇರಿ ಇಟ್ಟಿದ್ದ. ಅವನನ್ನು ಕಂಡದ್ದು ಆಮೇಲೆ.

ಅಲ್ಲಿ ನೀರು ಅವನ ಎದೆಯ ಮಟ್ಟ. ಆ ಜಾಗ ನೋಡಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಅವನು ನಿಯಮ ಪಾಲಿಸಿಯೇ ನೀರಿಗೆ ಇಳಿದಿದ್ದ. ಬೆಳಗ್ಗೆ ಏನೂ ತಿಂದಿರಲಿಲ್ಲ. ಆಳಕ್ಕೆ ಹೋಗದೆ ಕಾಲು ನೆಲಕ್ಕೆ ತಾಗುವ ಕಡೆಯನ್ನೇ, ಸೆಳೆತವಿಲ್ಲದ ಹೊತ್ತನ್ನೇ ಆರಿಸಿಕೊಂಡಿದ್ದ. ಮಾಸ್ಟರು ಬರೆದದ್ದರಲ್ಲಿ ಒಂದನ್ನು ಮಾತ್ರ ಅವನಿಂದ ಪಾಲಿಸಲಾಗಲಿಲ್ಲ, ಏಕೆಂದರೆ ಅವನ ಜೋಡಿಯನ್ನು ಬೇರೆಯವನಿಗೆ ಕೊಟ್ಟಾಗಿತ್ತು.

ಆದರೆ ಊರು ಅದೇ ಎದೆಮಟ್ಟದ ನೀರನ್ನು ಬೇರೆ ರೀತಿ ಓದಿತು. ಸೋಮವಾರ ಬೆಳಗ್ಗೆ ಮಾಸ್ಟರು ತಂಡದವರನ್ನು ಕರೆದುಕೊಂಡು ಜೆಪ್ಪುವಿಗೆ ನಡೆದರು. ದಾರಿಯ ಚಾ ಅಂಗಡಿಯ ಬೆಂಚಿನಲ್ಲಿ ಇಬ್ಬರು ಮಾತಾಡುತ್ತಿದ್ದರು.

"ಎದೆವರೆಗಿನ ನೀರಲ್ಲಿ ಈಜು ಬಲ್ಲವ ಸಾಯ್ತಾನಾ? ಹೊಳೆಯಲ್ಲೇ ಹುಟ್ಟಿ ಬೆಳೆದವ."

"ಟೀಮಿಂದ ತೆಗೆದ್ರಂತಲ್ಲ. ಅದನ್ನೇ ಮನಸ್ಸಿಗೆ ತಕೊಂಡ. ಬೇಕಂತಲೇ ಮಾಡಿಕೊಂಡದ್ದು."

"ಹಾಗಾದ್ರೆ ಮಣ್ಣು ಮಾಡುದು ಎಲ್ಲಿ? ಅವರಲ್ಲಿ ಜೀವ ತಕೊಂಡವರನ್ನು ಇಗರ್ಜಿಯ ಸ್ಮಶಾನದ ಒಳಗೆ ಬಿಡುದಿಲ್ಲ."

ಮಾಸ್ಟರು ನನ್ನ ಮುಂದೆ ನಡೆಯುತ್ತಿದ್ದರು. ಅವರಿಗೆ ಕೇಳಿಸಿತ್ತು. ಅವರ ಹೆಜ್ಜೆ ಒಮ್ಮೆ ನಿಂತು ಮತ್ತೆ ಮುಂದೆ ಹೋಯಿತು. ಒಂದು ಮಾತು ಹೇಳಿದ್ದರೆ ಆ ಇಬ್ಬರ ಬಾಯಿ ಮುಚ್ಚುತ್ತಿತ್ತು. ಕೊಟ್ಟ ಮಾತು ಇನ್ನೂ ಅವರ ಮೇಲಿತ್ತು.

ಮನೆಯ ಅಂಗಳದಲ್ಲಿ ಜನ ತುಂಬಿದ್ದರು. ಒಳಗೆ ಹೆಂಗಸರು ಜಪ ಹೇಳುತ್ತಿದ್ದರು. ನಾವು ಒಂದು ಬದಿಗೆ ಸಾಲಾಗಿ ನಿಂತೆವು. ತೊಕ್ಕೊಟ್ಟಿನ ಕಡೆಯ ಆ ಗಂಡಿನ ಮಾವ ಬಂದಿದ್ದರು. ಕೋಟು, ಕೈಯಲ್ಲಿ ಕೊಡೆ, ಅವರಿಗೊಂದು ಕುರ್ಚಿ ಕೊಟ್ಟಿದ್ದರು. ಅಪ್ಪ ಗೋಡೆಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತಿದ್ದರು. ಪಾದ್ರಿಗಳು ಬಂದಾಗ ಅಂಗಳದ ಮಾತು ನಿಂತಿತು. ಮನೆಯ ಹಿರಿಯರೊಬ್ಬರು ಅವರ ಹತ್ತಿರ ಹೋಗಿ, ತಗ್ಗಿದ ಸ್ವರದಲ್ಲಿ, ಆದರೆ ಎಲ್ಲರಿಗೂ ಕೇಳುವ ಹಾಗೆ ಕೇಳಿದರು. "ಫಾದರ್, ಎಲ್ಲ ಕ್ರಮದ ಪ್ರಕಾರ ಆಗ್ತದಲ್ಲ? ಜನ ಏನೇನೋ ಹೇಳ್ತಾರೆ."

ಪಾದ್ರಿಗಳು ಉತ್ತರ ಕೊಡುವ ಮೊದಲೇ ಅಕ್ಕ ಒಳಗಿನಿಂದ ಬಂದಳು. ನಾನು ಅವಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಆ ದಿನವೇ. ತಮ್ಮನ ಹಾಗೆಯೇ ಉದ್ದ ಕೈ. ಅವಳು ಮಾತಾಡಿದ್ದು ಕೊಂಕಣಿಯಲ್ಲಿ. ನಮ್ಮ ಕಡೆ ಬೆಳೆದವರಿಗೆ ಅರ್ಥವಾಗುವಷ್ಟು ಕೊಂಕಣಿ ಎಲ್ಲರಿಗೂ ಬರುತ್ತದೆ.

"ನನ್ನ ತಮ್ಮ ಜೀವ ತೆಕ್ಕೊಂಡದ್ದಲ್ಲ ಫಾದರ್. ಅವನಿಗೆ ಫಿಟ್ಸ್ ಇತ್ತು. ಮಳೆಗಾಲದಿಂದ. ನೀರಲ್ಲಿರುವಾಗ ಬಂದಿದೆ."

ಅಮ್ಮ ಹಿಂದಿನಿಂದ ಬಂದು ಅವಳ ತೋಳು ಹಿಡಿದರು. ಅವಳು ಬಿಡಿಸಿಕೊಳ್ಳಲಿಲ್ಲ, ಮಾತನ್ನೂ ನಿಲ್ಲಿಸಲಿಲ್ಲ. "ನಮಗೆಲ್ಲ ಗೊತ್ತಿತ್ತು. ಅವನೊಬ್ಬನಿಗೆ ಹೇಳ್ಲಿಲ್ಲ. ಮಾಸ್ಟ್ರ ಬಾಯಿ ಕಟ್ಟಿದ್ದೂ ನಾವೇ. ನನ್ನ ಮದುವೆಗೋಸ್ಕರ."

ಪಾದ್ರಿಗಳು ಅವಳ ತಲೆಯ ಮೇಲೆ ಕೈಯಿಟ್ಟರು. "ನನಗೆ ಆ ಸಂಶಯವೇ ಇರ್ಲಿಲ್ಲ ಮಗಳೇ. ನೀನು ಇದನ್ನು ಹೇಳ್ಬೇಕಾಗಿರ್ಲಿಲ್ಲ."

"ಹೇಳ್ಬೇಕಿತ್ತು ಫಾದರ್" ಎಂದಳು ಅವಳು. "ತಡವಾಯ್ತು, ಅಷ್ಟೆ."

ಯಾರೂ ಕುರ್ಚಿಯ ಕಡೆ ನೋಡಲಿಲ್ಲ. ನೋಡದಿರಲು ಎಲ್ಲರೂ ಪ್ರಯತ್ನಪಟ್ಟದ್ದು ಕಾಣುತ್ತಿತ್ತು. ಆ ಮಾವ ಶವ ಎತ್ತುವವರೆಗೆ ಇದ್ದರು. ಇಗರ್ಜಿಯವರೆಗೂ ನಡೆದು ಬಂದರು, ಮಣ್ಣನ್ನೂ ಹಾಕಿದರು. ಅವರು ಕೆಟ್ಟವರಲ್ಲ. ಆಮೇಲೆ ಮನೆಗೆ ಬಾರದೆ ಹಾಗೆಯೇ ದೋಣಿ ಕಡವಿನ ಕಡೆ ಹೋದರು. ಮತ್ತೆ ದೋಣಿಯಲ್ಲಿ ಆ ಮನೆಗೆಂದು ಯಾರೂ ದಾಟಿ ಬರಲಿಲ್ಲ. ಕ್ರಿಸ್ಮಸಿನ ಮೊದಲೇ ಸಂಬಂಧ ಮುರಿದದ್ದು ಎಲ್ಲರಿಗೂ ಗೊತ್ತಾಗಿತ್ತು. ಮರುವರ್ಷ ಅವಳು ನರ್ಸಿಂಗ್ ಕಲಿಯಲು ಸೇರಿದಳು. ಈಗಲೂ ಅದೇ ಕೆಲಸದಲ್ಲಿದ್ದಾಳೆ, ಮದುವೆಯಾಗಿಲ್ಲ. ಇದನ್ನು ಬರೆಯಬಹುದೇ ಎಂದು ನಾನು ಕೇಳಲು ಹೋದಾಗ ಅವಳು, "ಬರಿ. ರೋಗದ ಹೆಸರು ಬರಿ. ಪಿತ್ತ ಅಂತ ಬರೀಬೇಡ" ಎಂದಳು.

ಹೆಡ್ ಮಾಸ್ಟರು ತಂಡವನ್ನೇ ನಿಲ್ಲಿಸಬೇಕೆಂದಿದ್ದರು. ಮಾಸ್ಟರು ಅವರ ಹತ್ತಿರ ಒಂದೇ ಒಂದು ಸಂಜೆಯನ್ನು ಬೇಡಿಕೊಂಡರು. ನಿಲ್ಲಿಸಬೇಕೇ ಎಂದು ನಿಶ್ಚಯಿಸುವ ಮೊದಲು ಹುಡುಗರ ಹತ್ತಿರ ಒಮ್ಮೆ ಮಾತಾಡಬೇಕು ಎಂದು. ಜನವರಿಯ ಮೊದಲ ವಾರ ನಾವು ಕೆರೆಯ ಮೆಟ್ಟಿಲ ಮೇಲೆ ಕೂತೆವು. ಬಟ್ಟೆ ಬಿಚ್ಚಬೇಡಿ ಎಂದು ಮೊದಲೇ ಹೇಳಿದ್ದರು.

ಮಾಸ್ಟರು ಸಣ್ಣ ಸ್ವರದಲ್ಲಿ ಶುರುಮಾಡಿದರು. "ಕಾಯಿ ಕಟ್ಟಿಸಿದ್ದು ಎಂತಕ್ಕೆ ಅಂತ ನಿಮಗೆ ಈಗ ಗೊತ್ತುಂಟು. ವಾಚು ತಕೊಂಡದ್ದು ಎಂತಕ್ಕೆ ಅಂತಲೂ ಗೊತ್ತುಂಟು." ಎರಡನೆಯ ಮಾತು ಹೇಳುವಾಗ ಅವರು ನನ್ನನ್ನು ನೋಡಿದರು. "ನಾನು ಅವನನ್ನು ಕಾಪಾಡಿದೆ ಅಂತ ತಿಳ್ಕೊಂಡಿದ್ದೆ. ನೀರಿನಿಂದ ದೂರ ಇಟ್ರೆ ಸಾಕು ಅಂತ. ಕಾರಣ ಗೊತ್ತಿಲ್ಲದವ ದೂರ ಇರ್ತಾನಾ? ಇರುದಿಲ್ಲ. ಈಗ ನಿಮ್ಮಲ್ಲಿ ಕೇಳ್ತೇನೆ. ದಮ್ಮು, ಫಿಟ್ಸ್, ಕಿವಿ, ಕಣ್ಣು, ಎದೆ, ಎಂತ ಇದ್ರೂ ಹೇಳಿ. ಇಲ್ಲಿ ಹೇಳ್ಲಿಕ್ಕೆ ಆಗದಿದ್ರೆ ನನ್ನ ಮನೆಗೆ ಬಂದು ಹೇಳಿ. ನಿಮಗೆ ಗೊತ್ತಿಲ್ಲದ ಹಾಗೆ ನಿಮ್ಮನ್ನು ನಾನು ತೆಗೆಯುದಿಲ್ಲ."

ಆಚೆ ದಡ ದಾಟಿ ತೋಟದಲ್ಲಿ ಯಾರೋ ತೆಂಗಿನ ಮಡಲು ಎಳೆದುಕೊಂಡು ಹೋಗುವ ಸದ್ದು ಕೇಳುತ್ತಿತ್ತು. ಆಮೇಲೆ ನನ್ನ ಪಕ್ಕದಲ್ಲಿ ಕೂತಿದ್ದ ವಕೀಲರ ಮಗ ಎದ್ದು ನಿಂತ.

"ನನಗೆ ಬಲದ ಕಿವಿ ಕೇಳುದಿಲ್ಲ ಸರ್."

"ಯಾವಾಗಿಂದ?"

"ಸಣ್ಣದಿರುವಾಗ ಜ್ವರ ಬಂದು. ಸೀಟಿ ಆ ಬದಿಯಿಂದ ಬಂದ್ರೆ ಗೊತ್ತಾಗುದಿಲ್ಲ. ಬೇರೆಯವರ ಕೈ ನೋಡಿ ಕೈ ಎತ್ತುದು." ಅವನ ಸ್ವರದಲ್ಲಿ ಎಂದಿನ ಕುಟುಕು ಇರಲಿಲ್ಲ. ಎರಡು ತಿಂಗಳಿನಿಂದ ಅವನು ನನ್ನ ಜೋಡಿ. ಸೀಟಿಯಾದಾಗ ತಡವಾಗಿ ಕೈಕೊಡುತ್ತಿದ್ದದ್ದನ್ನು ನಾನು ಜಂಬ ಎಂದುಕೊಂಡಿದ್ದೆ.

"ಮನೆಯಲ್ಲಿ ಗೊತ್ತುಂಟಾ?"

"ಅಮ್ಮನಿಗೆ ಗೊತ್ತುಂಟು. ಅಪ್ಪನಿಗೆ ಇಲ್ಲ. ಹೇಳಿದ್ರೆ ನೀವು ತೆಗೀತೀರಿ ಅಂತ ಇಲ್ಲಿ ಹೇಳ್ಲಿಲ್ಲ."

"ತೆಗೀತೇನೆ" ಎಂದರು ಮಾಸ್ಟರು.

ಅವನು ತಲೆಯಾಡಿಸಿದ. ನಿಂತೇ ಇದ್ದ. ಆಮೇಲೆ ಅವನ ಮುಖ ಒಡೆಯಿತು. ನಮ್ಮೆಲ್ಲರನ್ನೂ ನಗೆಪಾಟಲು ಮಾಡುತ್ತಿದ್ದ ಆ ಹುಡುಗ ಕೈಯಿಂದ ಮುಖ ಮುಚ್ಚಿಕೊಳ್ಳದೆ, ಸಣ್ಣ ಮಕ್ಕಳ ಹಾಗೆ, ಸದ್ದು ಮಾಡಿ ಅತ್ತ. ಯಾರೂ ನಗಲಿಲ್ಲ. ನಾವೆಲ್ಲ ನೀರನ್ನು ನೋಡುತ್ತ ಕೂತೆವು.

ಮಾಸ್ಟರು ಮೆಟ್ಟಿಲಿಳಿದು ಬಂದು ಅವನನ್ನು ಕೂರಿಸಿ, ಅವನ ಎಡಬದಿಗೆ ಕೂತರು. "ಸೀಟಿ ಕೇಳದವನನ್ನು ನೀರಿಗೆ ಬಿಡ್ಲಿಕ್ಕೆ ನನಗೆ ಆಗುದಿಲ್ಲ. ಕಾರಣ ಇದೊಂದೇ. ನೀನು ಒಳ್ಳೆಯ ಈಜುಗಾರ, ಕಾಲು ನಿಧಾನ ಅಲ್ಲ, ಕೈ ನಿಧಾನ ಅಲ್ಲ. ಕೇಳ್ತಾ ಉಂಟಾ?"

ಅವನ ಅಳು ಇನ್ನೂ ನಿಂತಿರಲಿಲ್ಲ.

ಮಾಸ್ಟರು ಅದನ್ನೇ ಮತ್ತೊಮ್ಮೆ ಮೊದಲಿನಿಂದ ಹೇಳಲು ಶುರುಮಾಡಿದರು.